ಪಿಂಗಾಣಿ ಚಮಚದ ಗೀರು

ಮನ್ಸೂರಾ, ದೋಹಾ
ಶನಿವಾರ, 19 ಜುಲೈ 2025

ಪ್ರೀತಿಯ ತಮ್ಮ ನಿಝಾಮನಿಗೆ, ಅಕ್ಕನ ಸಲಾಂ.

ಹೇಗಿದ್ದೀಯಾ? ಒಳಗೆ ಎಸಿ ಚೆನ್ನಾಗಿದೆ ಎಂದು ನಿನ್ನ ಕಂಪನಿಯ ಯತಿರಾಜಣ್ಣ ಹೇಳಿದರು, ಅಷ್ಟಾದರೂ ನೆಮ್ಮದಿ. ಊಟ ಸೇರುತ್ತದಾ? ಬಲಗೈಯ ಊತ ಇಳಿಯಿತಾ? ಪಕ್ಕದ ಮನೆಯ ನರ್ಸ್ ರೋಸ್‌ಮೇರಿ ಹೇಳುವ ಪ್ರಕಾರ ಒಬ್ಬರ ದವಡೆ ಮುರಿಯುವ ಹಾಗೆ ಗುದ್ದಿದರೆ ಗುದ್ದಿದವನ ಬೆರಳ ಗೆಣ್ಣಿಗೂ ಪೆಟ್ಟಾಗುತ್ತದಂತೆ. ಉಪ್ಪು ಹಾಕಿದ ಬಿಸಿನೀರು ಸಿಕ್ಕಿದರೆ ಅದರಲ್ಲಿ ಕೈ ಇಟ್ಟುಕೋ. ಫೋನಿನಲ್ಲಿ ಇದನ್ನೆಲ್ಲ ಹೇಳಬಹುದಿತ್ತು, ಆದರೆ ಅವರು ಕೊಡುವುದು ಐದು ನಿಮಿಷ, ಆ ಐದು ನಿಮಿಷವೂ ನೀನೇ ಕೂಗುತ್ತೀಯಾ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲ. ಎರಡು ಜೊತೆ ಬಟ್ಟೆಯ ಜೊತೆ ಇದನ್ನೂ ಯತಿರಾಜಣ್ಣ ತಂದುಕೊಡುತ್ತಾರೆ.

ಇನ್ನು ನಿನ್ನ ಭಾವನ ಸುದ್ದಿ. ದವಡೆ ಎರಡು ಕಡೆ ಮುರಿದಿದೆ, ತಂತಿ ಹಾಕಿ ಬಿಗಿದಿದ್ದಾರೆ. ಮುಂದಿನ ಮೂರು ಹಲ್ಲು ಇಲ್ಲ. ಸ್ಟ್ರಾದಲ್ಲಿ ಗಂಜಿ ತಿಳಿ ಕುಡಿಯುತ್ತಾರೆ. ಎಡಗೈಯ ಚರ್ಮ ಮೊಣಕೈವರೆಗೆ ಸುಲಿದು ಬಂದಿದೆ. ಎಡಗಣ್ಣಿನ ಮಾತು ಡಾಕ್ಟರರು ಈಗಲೇ ಹೇಳುವುದಿಲ್ಲ, ಒಂದು ತಿಂಗಳು ನೋಡೋಣ ಎನ್ನುತ್ತಾರೆ. ಇದನ್ನೆಲ್ಲ ಬಿಟ್ಟು ಬರೆಯಬಹುದಿತ್ತು, ಆದರೆ ನೀನು ಓದಲಿ ಎಂದೇ ಬರೆದೆ. ಅವರೇ ದೂರು ಕೊಟ್ಟು ನಿನ್ನನ್ನು ಒಳಗೆ ಹಾಕಿಸಿದರು ಎಂದು ಫೋನಿನಲ್ಲಿ ಬೈದೆಯಲ್ಲ, ದವಡೆ ಮುರಿದವನು ಪೊಲೀಸರ ಹತ್ತಿರ ಮಾತಾಡುವುದು ಹೇಗೆ ಮಾರಾಯ? ಫೋನ್ ಮಾಡಿದ್ದು ರೋಸ್‌ಮೇರಿ. ಅವಳು ಮಾಡದಿದ್ದರೆ ನಾನು ಈ ಹೊತ್ತಿಗೆ ವಿಧವೆಯಾಗಿ ಬಿಳಿ ಬಟ್ಟೆ ಉಟ್ಟು ಇದ್ದತ್ ಕೂತಿರುತ್ತಿದ್ದೆ. ಈಗ ಭಾವ ತನಾಝುಲ್ ಕಾಗದಕ್ಕೆ, ಅಂದರೆ ಮಾಫಿ ಮಾಡಿದ್ದೇನೆ ಎಂಬ ಕಾಗದಕ್ಕೆ, ಸಹಿ ಹಾಕಿ, ಅದು ಠಾಣೆಗೆ ಮುಟ್ಟಿದರೆ ಮಾತ್ರ ನೀನು ಬೇಗ ಹೊರಗೆ ಬರುವ ದಾರಿ ಇದೆಯಂತೆ. ಇಲ್ಲದಿದ್ದರೆ ಎಷ್ಟು ವರ್ಷವೋ ದೇವರಿಗೇ ಗೊತ್ತು.

ನನ್ನ ಬೆನ್ನಿನ ಗೀರಿನ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ, ಅವತ್ತು ಹೇಳಲು ನೀನು ಬಿಡಲಿಲ್ಲ. ಬರ್ವಾ ಅಲ್ ಬರಾಹಾದ ಕಾರ್ಮಿಕರ ಕ್ಯಾಂಪಿನ ಹುಡುಗರಿಗೆ ನಾನು ಮನೆಯಿಂದಲೇ ಊಟ ಕಳಿಸುವುದು ನಿನಗೆ ಗೊತ್ತು. ಈ ಸಲದ ಜೂನ್‌ನಲ್ಲಿ ನಾಲ್ಕು ಒಲೆ ಉರಿಯುವಾಗ ಅಡಿಗೆಮನೆಯ ಎಸಿ ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದ. ನಾನು ಐಸ್ ನೀರು ಕುಡಿದುಕೊಂಡು ಹೇಗೋ ದೂಡಿದೆ, ಒಂದು ಮಧ್ಯಾಹ್ನ ಅನ್ನ ಬಸಿಯುತ್ತಾ ಹಾಗೆಯೇ ಬಿದ್ದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು, ಎದ್ದೆ. ಆದರೆ ತಲೆಭಾರ ಹೋಗಲಿಲ್ಲ, ನಿದ್ದೆಯಿಲ್ಲ, ಎದೆ ಡವಡವ. ಆಗ ಭಾವ ಯಾರನ್ನೋ ಕೇಳಿ ಒಬ್ಬ ಚೀನೀ ವೈದ್ಯೆಯ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಸುನ್ ಅಂತ, ಉಮ್ಮನ ವಯಸ್ಸಿನವರು. ಅರ್ಧ ಗಂಟೆ ನಾಡಿ ಹಿಡಿದು ನೋಡಿ, ಆಮೇಲೆ ನಾಲಿಗೆ ಚಾಚು ಎಂದರು. ನಾಲಿಗೆಯ ತುದಿ ಕೆಂಪಾಗಿದೆ, ಎದೆಯಲ್ಲಿ ಬೆಂಕಿ ಸೇರಿಕೊಂಡಿದೆ ಎಂದರು.

ಅವರ ಶಾಸ್ತ್ರದಲ್ಲಿ ಬೇಸಿಗೆ ಎಂದರೆ ಹೃದಯದ ಕಾಲವಂತೆ. ಹೊರಗಿನ ಶಾಖವೂ ಒಳಗಿನ ಶಾಖವೂ ಸೇರಿದರೆ ಮನುಷ್ಯ ಉರಿದುಹೋಗುತ್ತಾನೆ, ಅದಕ್ಕೆ ಬೆವರು ಬರಲಿ, ಐಸ್ ನೀರು ಮಾತ್ರ ಬೇಡ ಎಂದರು. ಉರಿಯುವ ಕಾವಲಿಗೆ ತಣ್ಣೀರು ಹೊಯ್ದರೆ ಏನಾಗುತ್ತದೆ, ಹೊಟ್ಟೆಗೂ ಹಾಗೆಯೇ ಆಗುತ್ತದಂತೆ. ಹೆಸರುಕಾಳು ಬೇಯಿಸಿದ ನೀರು, ಹಾಗಲಕಾಯಿ, ಕಲ್ಲಂಗಡಿ, ಒಣಗಿಸಿದ ಸೇವಂತಿಗೆ ಹಾಕಿದ ಚಹಾ. ಬೆಳಿಗ್ಗೆ ಬೇಗ ಏಳಬೇಕು, ಮಧ್ಯಾಹ್ನ ಸ್ವಲ್ಪ ಹೊತ್ತು ಕಣ್ಣು ಮುಚ್ಚಬೇಕು. ಹೆಸರುಕಾಳಿನ ಗಂಜಿಯನ್ನು ಉಮ್ಮ ಉಳ್ಳಾಲದಲ್ಲಿ ನಮಗೆ ಪುಕ್ಕಟೆ ಕುಡಿಸುತ್ತಿದ್ದರು, ಆಗ ನಾವಿಬ್ಬರೂ ಮುಖ ಸಿಂಡರಿಸುತ್ತಿದ್ದೆವು. ಹಿತ್ತಲ ಗಿಡ ಮದ್ದಲ್ಲ ನೋಡು, ಚೀನಾದಿಂದ ಬಂದು ಹೇಳಿದ ಮೇಲೆ ನಾನು ತಂಬಿಗೆ ತಂಬಿಗೆ ಕುಡಿದೆ. ಕೊನೆಯಲ್ಲಿ ಒಂದು ಮಾತು ಹೇಳಿದರು, ಬೇಸಿಗೆಯಲ್ಲಿ ಸಿಟ್ಟು ಮಾಡಬಾರದು, ಸಿಟ್ಟು ಎಂದರೆ ಬೆಂಕಿಗೆ ಎಣ್ಣೆ ಎಂದು. ನನಗೆ ಆಗಲೇ ನಿನ್ನ ನೆನಪಾಗಿತ್ತು, ಒಳಗೊಳಗೇ ನಕ್ಕೆ.

ಒಳಗೆ ಕಟ್ಟಿದ ಶಾಖ ಹೊರಗೆ ಬರಲು ಅವರಲ್ಲಿ ಇನ್ನೊಂದು ಕ್ರಮವಿದೆ. ಬೆನ್ನಿಗೆ ಎಣ್ಣೆ ಹಚ್ಚಿ, ಸೂಪ್ ಕುಡಿಯುವ ದಪ್ಪ ಪಿಂಗಾಣಿ ಚಮಚದ ಅಂಚಿನಿಂದ ಕುತ್ತಿಗೆಯಿಂದ ಕೆಳಗೆ ಗೀರುತ್ತಾರೆ. ನೋಡುವವರಿಗೆ ಹೆದರಿಕೆ, ಕೆಂಪು ಪಟ್ಟೆ ಪಟ್ಟೆಯಾಗಿ ರಕ್ತ ಕಟ್ಟಿದ ಹಾಗೆ ಏಳುತ್ತದೆ. ನೋವು ಅಷ್ಟಿಲ್ಲ, ನಾಲ್ಕೈದು ದಿನದಲ್ಲಿ ಮಾಯ. ಮೊದಲ ಸಲ ಅವರೇ ಮಾಡಿದರು, ಅವತ್ತು ಮನೆಗೆ ಬಂದು ನಾನು ಹೆಣದ ಹಾಗೆ ಮಲಗಿದೆ. ಆಮೇಲೆ ಭಾವನಿಗೂ ಹೇಳಿಕೊಟ್ಟರು. ಆ ಮನುಷ್ಯ ಎಷ್ಟು ಹೆದರಿ ಹೆದರಿ ಗೀರುತ್ತಿದ್ದರೆಂದರೆ ನಾನೇ ಬೈಯಬೇಕಾಗಿತ್ತು, ಏನು ಚಿತ್ರ ಬರೀತಿದ್ದೀರಾ ಎಂದು. ನೀನು ವರ್ಷಕ್ಕೊಮ್ಮೆ ಹಿಜಾಮಾ ಮಾಡಿಸಿ, ಬಟ್ಟಲು ಕಚ್ಚಿಸಿ ರಕ್ತ ತೆಗೆಸಿ, ಬೆನ್ನ ಮೇಲೆ ಗುಂಡು ಗುಂಡು ಕಲೆ ಹೊತ್ತುಕೊಂಡು ಬರುತ್ತೀಯಾ, ನಾವು ಯಾರೂ ನಿನಗೆ ಹೊಡೆದದ್ದು ಯಾರೆಂದು ಕೇಳಿಲ್ಲ. ಗುಂಡು ಕಲೆಯಾದರೆ ಪ್ರವಾದಿಯವರ ಸುನ್ನತ್, ಉದ್ದ ಗೀರಾದರೆ ಗಂಡನ ಪೆಟ್ಟು, ಇದ್ಯಾವ ನ್ಯಾಯ?

ಹೋದ ವಾರದ ಶುಕ್ರವಾರ ನೀನೂ ನಿನ್ನ ಹೆಂಡತಿ ಫಾಹಿಮಾಳೂ ಊಟಕ್ಕೆ ಬಂದಿರಿ. ನಾನು ಹೆಸರುಕಾಳು ಕುದಿಯುವ ಪಾತ್ರೆಯ ಮೇಲೆ ಬಗ್ಗಿದ್ದೆ, ಶಾಲು ಜಾರಿತು. ಹಿಂದೆ ನಿಂತಿದ್ದ ನೀನು ಮೆಲ್ಲಗೆ ಕೇಳಿದೆ, "ಅಕ್ಕ, ಇದು ಯಾರು ಮಾಡಿದ್ದು?" ನಾನು ತಿರುಗದೆಯೇ ನಗುತ್ತಾ, "ಮತ್ತೆ ಯಾರು, ನಿನ್ನ ಭಾವನೇ" ಎಂದೆ. ಸುಳ್ಳು ಹೇಳಲಿಲ್ಲ. ಚಮಚದ ಮಾತು ನನ್ನ ಬಾಯಲ್ಲೇ ಇತ್ತು, ಅಷ್ಟರಲ್ಲಿ ನೀನು ಅನ್ನದ ಕಬ್ಬಿಣದ ಸಟ್ಟುಗ ಎತ್ತಿಕೊಂಡಿದ್ದೆ. ಭಾವ ನೀರಿನ ಬಾಟಲಿ ಹಿಡಿದು ಒಳಗೆ ಬಂದರು, ನಿನ್ನನ್ನು ನೋಡಿ ಸಲಾಂ ಹೇಳಲು ಬಾಯಿ ತೆರೆದರು. ಆ ತೆರೆದ ಬಾಯಿಗೇ ಮೊದಲ ಪೆಟ್ಟು. ಹಲ್ಲು ನೆಲಕ್ಕೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಆಮೇಲೆ ಸಟ್ಟುಗ ಬಿಸಾಡಿ ಮುಷ್ಟಿಯಿಂದ ದವಡೆಗೆ, ಕಣ್ಣಿಗೆ. ಅವರು ಕೈ ಅಡ್ಡ ಹಿಡಿದರು, ನೀನು ಕೂದಲು ಹಿಡಿದು ಒಲೆಯ ಕಟ್ಟೆಗೆ ಬಡಿದೆ, ಕುದಿಯುವ ಪಾತ್ರೆ ಅವರ ಕೈ ಮೇಲೆ ಮಗುಚಿತು. ನೆಲದ ತುಂಬ ಹಸಿರು ನೀರು, ಅದರಲ್ಲಿ ರಕ್ತ. ಅವರು ಬಿದ್ದ ಮೇಲೂ ನೀನು ಒದೆಯುವುದು ನಿಲ್ಲಿಸಲಿಲ್ಲ. ಚೀನೀ ಮದ್ದು, ಚೀನೀ ಮದ್ದು ಎಂದು ನಾನು ನಿನ್ನ ಕಿವಿಯಲ್ಲೇ ಕಿರುಚಿದೆ, ನೀನು ನನ್ನನ್ನೂ ಫ್ರಿಜ್ಜಿನ ಕಡೆಗೆ ತಳ್ಳಿದೆ. ಅಲ್ಲಿ ಫಾಹಿಮಾ ತಟ್ಟೆಗಳನ್ನು ಕೆಳಗಿಟ್ಟು, ಮೂಲೆಯಲ್ಲಿ ಮುದುಡಿ, ಎರಡು ಕೈಯಿಂದ ತಲೆ ಮುಚ್ಚಿಕೊಂಡು ಕೂತಿದ್ದಳು. ಅವಳನ್ನು ಯಾರೂ ಮುಟ್ಟಿರಲಿಲ್ಲ, ಪಾಪ ಹೆದರಿದ್ದಾಳೆ ಅಂದುಕೊಂಡೆ.

ಬಿಸಿಲಿಗೆ ತಲೆ ಕಾದಿತ್ತು, ಇಡೀ ದಿನ ಲುಸೈಲ್‌ನ ಸೈಟಿನಲ್ಲಿ ನಿಂತಿದ್ದೆ ಎಂದು ನೀನು ಪೊಲೀಸರಿಗೆ ಹೇಳಿದೆಯಂತೆ. ಶುಕ್ರವಾರ ನಿನಗೆ ರಜೆ. ರಜೆ ಇಲ್ಲದಿದ್ದರೂ ಅಷ್ಟೇ, ಬಿಸಿಲಿಗೆ ಕಾದವರೆಲ್ಲ ಹೊಡೆಯುವುದಾದರೆ ದೋಹಾದಲ್ಲಿ ಒಂದು ದವಡೆಯೂ ಸರಿಯಿರುತ್ತಿರಲಿಲ್ಲ. ಆದರೂ ನನ್ನ ಮೇಲಿನ ಪ್ರೀತಿಯಿಂದ ಹೊಡೆದೆ ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಉಮ್ಮನಿಗೂ ಹಾಗೆಯೇ ಹೇಳಿದೆ. ಭಾವನ ಮಂಚದ ಪಕ್ಕ ಕೂತು ಕಣ್ಣೀರಿಟ್ಟೆ, ನನ್ನ ತಮ್ಮನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಮುಟ್ಟುತ್ತಿರಲಿಲ್ಲ ಎಂದೆ. ಮಂಗಳವಾರ ಅವರು ತಂತಿ ಬಿಗಿದ ಹಲ್ಲಿನ ಸಂದಿಯಿಂದಲೇ, "ಅವ ನಿನ್ನ ತಮ್ಮ ಅಲ್ವಾ, ಪೆನ್ನು ಕೊಡು" ಎಂದರು. ಸಹಿ ಹಾಕಿದರು, ನಿಝಾಮ್. ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಸಹಿ ಗೆರೆಯ ಕೆಳಗೆ ಹೋಗಿದೆ, ಆದರೆ ಅದು ನಡೆಯುತ್ತದಂತೆ. ಆ ಮನುಷ್ಯನ ಕಾಲು ಹಿಡಿದರೂ ನಿನ್ನ ಋಣ ತೀರುವುದಿಲ್ಲ. ಕಾಗದ ನನ್ನ ಹತ್ತಿರ ಜೋಪಾನವಾಗಿದೆ.

ನಮಾಜು ಬಿಡಬೇಡ, ಐಸ್ ನೀರು ಕುಡಿಯಬೇಡ. ಉಮ್ಮ ದಿನವೂ ನಿನಗಾಗಿ ದುವಾ ಮಾಡುತ್ತಿದ್ದಾರೆ. ಅಲ್ಲಾಹನು ನಿನ್ನ ಎದೆಯನ್ನೂ ಕೈಯನ್ನೂ ತಣ್ಣಗೆ ಮಾಡಲಿ.

ನಿನ್ನ ಅಕ್ಕ,
ನಜ್ಮಾ

ಮತ್ತೆ, ಯತಿರಾಜಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಆ ದಿನದಿಂದ ಫಾಹಿಮಾ ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ನಿದ್ದೆ ಬರುವುದಿಲ್ಲ ಎಂದು ಬುಧವಾರ ಡಾಕ್ಟರ್ ಸುನ್ ಹತ್ತಿರ ಕರೆದುಕೊಂಡು ಹೋದೆ. ಅವರು ಎಣ್ಣೆ ಬಿಸಿ ಮಾಡಿ, ಅವಳ ಕುರ್ತಾ ಎತ್ತಿ ನೋಡಿ, ಚಮಚವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ತಮ್ಮ ತುಂಡು ಇಂಗ್ಲಿಷಿನಲ್ಲಿ ನನಗೆ ಹೇಳಿದರು, "ಈ ಬೆನ್ನಿನಲ್ಲಿ ಗೀರಲು ಜಾಗ ಇಲ್ಲ." ನಿನ್ನ ಬೆಲ್ಟಿನ ಬಕಲ್ಲಿನ ಗುರುತು ಎದ್ದು ಕಾಣುತ್ತಿತ್ತು. ನನ್ನ ಬೆನ್ನು ನೋಡಿದ ಕೂಡಲೇ ನಿನಗೆ ಒಂದೇ ಅರ್ಥ ಹೊಳೆದದ್ದು ಏಕೆಂದು ಆಗ ತಿಳಿಯಿತು. ಬಿಸಿಲಿನ ಮಾತು ಇನ್ನು ನನ್ನ ಹತ್ತಿರ ಆಡಬೇಡ, ಅವಳ ಬೆನ್ನಿನ ಮೇಲೆ ಜನವರಿಯ ಚಳಿಯಲ್ಲಿ ಬಿದ್ದ ಪೆಟ್ಟಿನ ಕಲೆಯೂ ಇದೆ. ನಿನ್ನ ಕಪಾಟಿನ ಬೀಗ ಒಡೆದು ಅವಳ ಪಾಸ್‌ಪೋರ್ಟ್ ತೆಗೆದವಳು ನಾನೇ. ನೀನು ಇದನ್ನು ಓದುವಾಗ ಅವಳು ಗಂಗೊಳ್ಳಿಯಲ್ಲಿ ಅವಳ ಅಣ್ಣಂದಿರ ಮನೆಯಲ್ಲಿರುತ್ತಾಳೆ. ಭಾವ ಸಹಿ ಹಾಕಿದ ಕಾಗದ ನನ್ನ ಅಕ್ಕಿ ಡಬ್ಬದ ಅಡಿಯಲ್ಲಿದೆ. ಕೊಡು ಎಂದು ಫಾಹಿಮಾ ತನ್ನ ಬಾಯಿಯಿಂದ ಹೇಳಿದ ದಿನ ಅದನ್ನು ಠಾಣೆಗೆ ಕೊಡುತ್ತೇನೆ. ಅಲ್ಲಿಯವರೆಗೆ ಒಳಗೇ ಇರು. ಎಸಿ ಚೆನ್ನಾಗಿದೆಯಂತಲ್ಲ.