ಒಂದು ಮುಖ, ಎರಡು ಮೀಸೆ

ಮಾರ್ಚ್ 3, ಬೆಳಿಗ್ಗೆ

ಅಂಗಡಿ ತೆರೆದೆ. ಕನ್ನಡಿ ಒರೆಸಿದೆ. ಬಲಗಣ್ಣಿನ ಪೊರೆ ತೆಗೆಸಿ ಎರಡು ವಾರ. ಎಡಗಣ್ಣಿನಲ್ಲಿ ಇನ್ನೂ ಇದೆ, ಎಲ್ಲ ಮಂಜು ಮಂಜು. ಮೊದಲ ಗಿರಾಕಿ ಮೀಸೆ ಮೇಷ್ಟ್ರು. ಕುರ್ಚಿಯಲ್ಲಿ ಕೂತರು — ಮೂಗಿನ ಮೇಲೊಂದು ಮೂಗು, ಮೀಸೆಯ ಮೇಲೊಂದು ಮೀಸೆ. ಎಡಗಣ್ಣು ಮುಚ್ಚಿದರೆ ಒಂದೇ. ಆದರೆ ಆಗ ಕತ್ತರಿ ತುಟಿಗೆ ಎಷ್ಟು ಹತ್ತಿರವಿದೆ ಎಂಬುದೇ ತಿಳಿಯುವುದಿಲ್ಲ.

"ಏನಪ್ಪಾ, ನನ್ನ ನೋಡಿ ಕಣ್ಣು ಹೊಡೀತಿದ್ದೀಯಾ?" ಎಂದರು. ಅಂಗಡಿ ತುಂಬಾ ನಗು. ನನಗೆ ಮೈಯೆಲ್ಲ ಉರಿಯಿತು.

ಮಾರ್ಚ್ 5

ಆಸ್ಪತ್ರೆ. ಡಾಕ್ಟರಮ್ಮನ ಮೇಲೆ ಕೂಗಾಡಿದೆ. ಆಪರೇಷನ್ ದಿನ ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್ನಿನಿಂದ ಕಣ್ಣು ಆಡಿಸುವ ಸ್ನಾಯುವಿಗೆ ಪೆಟ್ಟಾಗಿದೆಯಂತೆ. ಎರಡು ಕಣ್ಣೂ ಒಂದೇ ಕಡೆ ನಿಲ್ಲುತ್ತಿಲ್ಲ. "ಅಪರೂಪಕ್ಕೆ ಹೀಗಾಗುತ್ತೆ. ತಾನೇ ಸರಿಹೋಗಬಹುದು, ಕಾಯೋಣ," ಎಂದಳು. ಆ ಅಪರೂಪ ನನಗೇ ಒಕ್ಕರಿಸಬೇಕೇ?

ಹೊರಡುವಾಗ ಇನ್ನೊಂದು. "ಪ್ರೆಶರ್ ಜಾಸ್ತಿ ಇದೆ. ಆಪರೇಷನ್ ಆದ್ಮೇಲೆ ಕೊಟ್ಟ ಹಳೇ ಹನಿ ಕೆಲವರಿಗೆ ಹೀಗೆ ಮಾಡುತ್ತೆ. ಅದನ್ನ ನಿಲ್ಲಿಸಿ, ಇದನ್ನ ಹಾಕಿ. ಬೇಗ ಬಂದು ತೋರಿಸಿ." ಕೂಗಾಡಿದ್ದಕ್ಕೆ ಪ್ರೆಶರ್ ಪೇಷಂಟ್ ಎಂದು ಪಟ್ಟ ಕಟ್ಟಿದಳು!

ಮಾರ್ಚ್ 6

ಊಟದಲ್ಲಿ ಉಪ್ಪಿಲ್ಲ. ಹೆಂಡತಿಯ ಕೆಲಸ. "ರೀ, ಡಾಕ್ಟರಮ್ಮ ಪ್ರೆಶರ್ ಅಂದ್ರಲ್ಲ. ರೇಗಾಡ್ಬೇಡಿ, ಇನ್ನೂ ಏರುತ್ತೆ."

ತಟ್ಟೆ ತಳ್ಳಿ ಎದ್ದೆ. ನೇರ ಮೆಡಿಕಲ್ ಶಾಪಿಗೆ ಹೋಗಿ ತೋಳಿಗೆ ಪಟ್ಟಿ ಸುತ್ತಿಸಿಕೊಂಡೆ. "ನಾರ್ಮಲ್ ಇದೆ ಅಣ್ಣಾ," ಎಂದ ಅಂಗಡಿಯವನು. ಸಿಕ್ಕಿಬಿದ್ದಳು ಡಾಕ್ಟರಮ್ಮ... ಇಲ್ಲದ ಪ್ರೆಶರಿಗೆ ಔಷಧಿ! ಹೊಸ ಹನಿ ಕಸದ ಬುಟ್ಟಿಗೆ ಹೋಯಿತು. ಹಳೆಯದನ್ನೇ ಹಾಕಿಕೊಂಡೆ. ಇನ್ನು ಆ ಆಸ್ಪತ್ರೆಯ ಮೆಟ್ಟಿಲು ತುಳಿಯುವುದಿಲ್ಲ.

ಮಾರ್ಚ್ 29

ನಿನ್ನೆ ದೀಪದ ಸುತ್ತ ಬಣ್ಣದ ಬಳೆಗಳು. ಹುಬ್ಬಿನ ಮೇಲೆ ಸಿಡಿಯುವ ನೋವು, ವಾಂತಿ. ಹೆಂಡತಿಯೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಹನಿಯ ಕಥೆ ಕೇಳಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ, "ನಾನು ಹೇಳಿದ್ದು ರಕ್ತದ ಪ್ರೆಶರ್ ಅಲ್ಲ. ಕಣ್ಣೊಳಗಿನ ಪ್ರೆಶರ್. ಅದು ನೋಟದ ನರವನ್ನ ಹಾಳುಮಾಡುತ್ತೆ," ಎಂದರು.

"ಹೋದದ್ದು ವಾಪಸ್ ಬರುತ್ತಾ?"

"ಪ್ರೆಶರ್ ಇಳಿಸ್ತೀವಿ. ಹೋದ ನೋಟ ಬರಲ್ಲ. ಎಷ್ಟು ಹೋಗಿದೆ ಅಂತ ಆಮೇಲೆ ನೋಡೋಣ."

ಅಂದೇ ಬಿಡಿಸಿ ಹೇಳಲು ಇವರಿಗೇನಾಗಿತ್ತು? ಕೇಳಲು ನನಗೇನಾಗಿತ್ತು? ತೋಳಿಗೂ ಕಣ್ಣಿಗೂ ಒಂದೇ ಹೆಸರಿಟ್ಟವನು ಕೈಗೆ ಸಿಗಲಿ, ತಲೆ ಬೋಳಿಸಿ ಕಳಿಸುತ್ತೇನೆ. ಹೊರಗೆ ಬೆಂಚಿನ ಮೇಲೆ ಇವಳು ಅಳುತ್ತಿದ್ದಳು. ಅವಳ ಮೇಲೂ ರೇಗಿದೆ.

ಏಪ್ರಿಲ್ 11, ಬೆಳಿಗ್ಗೆ

ಪ್ರೆಶರ್ ಇಳಿದಿದೆಯಂತೆ. ಅಂಗಡಿ ತೆರೆದೆ. ಮೇಷ್ಟ್ರು ಬಂದರು, ಮೀಸೆ ಕಾಡಿನಂತೆ ಬೆಳೆದಿದೆ. "ಬೇರೆಯವನ ಕೈಗೆ ಕೊಡೋಕೆ ಮನಸ್ಸಾಗಲಿಲ್ಲಪ್ಪಾ, ಕಾದೆ."

ಎರಡೂ ಕಣ್ಣು ಬಿಟ್ಟು ನೋಡಿದೆ. ಮೂಗು ಒಂದು, ಮೀಸೆ ಒಂದು. ಸ್ನಾಯು ತಾನೇ ಸರಿಹೋಗಿದೆ, ಆಕೆ ಹೇಳಿದ ಹಾಗೆಯೇ. ಅದಕ್ಕೂ ಸಿಟ್ಟು ಬಂತು. ಕತ್ತರಿ ಎತ್ತಿಕೊಂಡೆ. ಅಭ್ಯಾಸಬಲದಿಂದ ಎಡಗಣ್ಣು ಮುಚ್ಚಿ, ಆಪರೇಷನ್ ಆದ ಬಲಗಣ್ಣಿನಿಂದಷ್ಟೇ ನೋಡಿದೆ.

ಮೂಗು ಇದೆ. ಮೀಸೆಯ ಬಲತುದಿ ಇದೆ. ಎಡತುದಿ —