ಎರಡನೆಯ ರ‍್ಯಾಮ್

ಭಾನುವಾರ, ಜುಲೈ ೧೪

ಪ್ರೀತಿಯ ಚಿನ್ನಿ,

ಅಕ್ಕನ ಆಶೀರ್ವಾದಗಳು. ಎರಡು ವರ್ಷ ಒಂದು ಗೆರೆ ಬರೆಯದವಳು ಈಗ ಯಾವ ಮುಖ ಇಟ್ಟುಕೊಂಡು ಬರೆದಳು ಅನ್ನುತ್ತೀಯ. ಇರುವುದೊಂದೇ ಮುಖ ಕಣೇ, ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಬೇಕಾದಷ್ಟು ಬೈದುಕೋ, ಆದರೆ ಪೂರ್ತಿ ಓದು. ನೀನು ವಾಪಸು ಬರಬೇಕು, ಅದಕ್ಕೇ ಈ ಕಾಗದ.

ನಾವಿಬ್ಬರೂ ಸೇರಿ ತೆರೆದ ಕಂಪ್ಯೂಟರ್ ತರಗತಿ ಜೋರಾಗಿಯೇ ನಡೆಯುತ್ತಿದೆ. ದರ್ಜಿ ಅಂಗಡಿಯ ಮೇಲಿನ ಅದೇ ಕೋಣೆ, ಅದೇ ಅಲ್ಲಾಡುವ ಮೇಜು. ಈ ಸಲ ಒಂಬತ್ತು ಜನ. ಪಾಠ ಈಗಲೂ ನೀನು ಹಾಕಿಕೊಟ್ಟ ಕ್ರಮದಲ್ಲೇ: ಮುಚ್ಚಳ ಬಿಚ್ಚಿ, ಒಬ್ಬೊಬ್ಬರು ಒಂದೊಂದು ಭಾಗ ಕೈಯಲ್ಲಿ ಹಿಡಿದು ಅದರ ಕೆಲಸ ಹೇಳಬೇಕು, ಹೇಳಿದವರೇ ಅದನ್ನು ವಾಪಸು ಕೂರಿಸಬೇಕು. ನಿವೃತ್ತ ಬಸ್ ಚಾಲಕರೊಬ್ಬರಿದ್ದಾರೆ. ಪ್ರೊಸೆಸರ್ ಹಿಡಿದು, "ಇದು ನಾನೇ ಮೇಡಂ. ನಾನು ಕೂತ್ರೇನೇ ಬಸ್ಸು ಹೊರಡೋದು. ತಲೆಬಿಸಿ ಜಾಸ್ತಿ, ಅದಕ್ಕೇ ಮೇಲೊಂದು ಫ್ಯಾನು" ಅಂದರು. ಕೆಳಗಿನ ದರ್ಜಿಯ ಸೊಸೆ ಅವರನ್ನೂ ಮೀರಿದವಳು. "ಹಾರ್ಡ್ ಡಿಸ್ಕ್ ಅಂದ್ರೆ ನಮ್ಮತ್ತೆ. ಹತ್ತು ವರ್ಷದ ಹಿಂದಿನ ಮಾತೂ ಮರೆಯಲ್ಲ. ರ‍್ಯಾಮ್ ನಮ್ಮ ಮಾವ. ಸ್ವಿಚ್ ಆರಿಸಿದ್ರೆ ಎಲ್ಲಾ ಖಾಲಿ!" ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ನೀನಿರಬೇಕಿತ್ತು.

ಗುರುವಾರ ಪರೀಕ್ಷಕಿ ಬಂದಿದ್ದರು. ನಮ್ಮ ಒಂಬತ್ತು ಜನ ಹಿಂದಿನ ದಿನ ಜೋಡಿಸಿಟ್ಟ ಕಂಪ್ಯೂಟರ್ ಅವರೆದುರು ಶುರುವಾಗಬೇಕು. ಗುಂಡಿ ಒತ್ತಿದರೆ ಪರದೆ ಕಪ್ಪಗೇ ಇದೆ, ಬೀಪ್ ಬೀಪ್ ಅಂತ ಒಂದೇ ಸಮ ಕೂಗು. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಕಳ್ಳರ ಭಯಕ್ಕೆ ದಿನಾ ಸಂಜೆ ರ‍್ಯಾಮ್ ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತೇನೆ. ಅವತ್ತು ಬೆಳಿಗ್ಗೆ ಅದನ್ನು ವಾಪಸು ಹಾಕುವುದೇ ಮರೆತಿದ್ದೆ! ಪೆಚ್ಚಾಗಿ ನಿಂತಿದ್ದೆ, ದರ್ಜಿಯ ಸೊಸೆ ಆ ಬೀಪ್ ಸದ್ದನ್ನು ಕಿವಿಗೊಟ್ಟು ಕೇಳಿ, "ರ‍್ಯಾಮೇ ಇಲ್ಲ ಮೇಡಂ. ನಿಮ್ಮ ಬ್ಯಾಗ್ ಕೊಡಿ ಇಲ್ಲಿ" ಎಂದು ಕಸಿದುಕೊಂಡು ಮೇಜಿನ ಮೇಲೆ ಸುರಿದೇಬಿಟ್ಟಳು. ರ‍್ಯಾಮ್ ಕೂರಿಸಿದಳು, ಪರದೆ ಬೆಳಗಿತು. "ತೊಂದರೆ ಎಲ್ಲಿದೆ ಅಂತ ಅವರೇ ಕಂಡುಹಿಡಿದ್ರಲ್ಲ, ಇನ್ನೇನು ಪರೀಕ್ಷೆ ಮಾಡ್ಲಿ?" ಅಂದರು ಪರೀಕ್ಷಕಿ. ಒಂಬತ್ತೂ ಜನ ಪಾಸು.

ಆದರೆ ಬ್ಯಾಗಿನಿಂದ ಬಿದ್ದದ್ದು ಎರಡು ರ‍್ಯಾಮ್. ಒಳಪದರ ಹರಿದು ಇನ್ನೊಂದೂ ಉದುರಿತು. ಅದರ ಮೇಲೆ ನೀನೇ ಅಂಟಿಸಿದ್ದ ನೀಲಿ ಚೀಟಿ ಹಾಗೇ ಇತ್ತು. ಹೌದು, ಎರಡು ವರ್ಷದ ಹಿಂದೆ ಕಾಣೆಯಾದ ಅದೇ ರ‍್ಯಾಮ್. ನೀನೇ ತೆಗೆದೆ ಎಂದು ಅಷ್ಟು ಜನರ ಮುಂದೆ ನಾನು ನಿನ್ನ ಬ್ಯಾಗ್ ಸುರಿಸಿದ್ದು ಅದಕ್ಕಾಗಿಯೇ. ನೀನು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದೆ.

"ಇದು ಯಾರದು ಮೇಡಂ?" ಅಂತ ಚಾಲಕರು ಕೇಳಿದರು. ಪರೀಕ್ಷಕಿಯೂ ಇದ್ದರು, ಇರಲಿ ಎಂದುಕೊಂಡು ಎಲ್ಲ ಹೇಳಿದೆ. "ನನ್ನ ತಂಗೀನ ಕಳ್ಳಿ ಅಂದಿದ್ದೆ. ಅವಳು ತಗೊಂಡಿರ್ಲಿಲ್ಲ" ಎಂದೆ.

ತಪ್ಪು ನನ್ನದು ಚಿನ್ನಿ, ಪೂರ್ತಿ ನನ್ನದು. ಮುಂದಿನ ತಿಂಗಳು ಬೆಳಗಿನ ತರಗತಿ ಶುರುಮಾಡುತ್ತಿದ್ದೇನೆ, ಅದು ನಿನ್ನದು. ನಿನ್ನ ಸ್ಕ್ರೂಡ್ರೈವರ್ ಡ್ರಾಯರಿನಲ್ಲೇ ಇದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಮಗುವಿಗೆ ದೊಡ್ಡಮ್ಮನ ಮುತ್ತು. ನೀನು ಕೈಯಿಟ್ಟ ಕೆಲಸವೆಲ್ಲ ಸಲೀಸಾಗಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಒಳಪದರ ಹರಿದು ಉದುರಿತು ಎಂದು ಬರೆದೆನಲ್ಲ, ಅದು ಹರಿದದ್ದಲ್ಲ, ಹೊಲಿಗೆ ಬಿಟ್ಟದ್ದು. ಆ ಹೊಲಿಗೆ ಹಾಕಿದವಳು ನಾನೇ. ಆ ರ‍್ಯಾಮ್ ನನಗೆ ನನ್ನ ಬ್ಯಾಗಿನಲ್ಲೇ ಸಿಕ್ಕಿದ್ದು ನೀನು ಹೋದ ಎಂಟನೇ ದಿನಕ್ಕೆ. ನಿನ್ನ ಮುಂದೆ ಬಂದು ನಿಲ್ಲಲು ಧೈರ್ಯವಾಗಲಿಲ್ಲ, ಒಳಪದರದ ಒಳಕ್ಕೆ ತಳ್ಳಿ ಹೊಲಿದುಬಿಟ್ಟೆ. ಎರಡು ವರ್ಷ ದಿನಾ ಅದನ್ನು ಹೆಗಲಿಗೆ ಹಾಕಿಕೊಂಡೇ ಪಾಠಕ್ಕೆ ಹೋದೆ.