ಹದಿನೆಂಟು ಇಂಚಿನ ಎರಡು ಚೈನು

ಶುಕ್ರವಾರ
ಬೆಳಗಿನ ಕಾಫಿಗೂ ಮೊದಲು

ನನ್ನ ಮುಂಗೋಪಿ ಅಕ್ಕನಿಗೆ,

ಕೋಪವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಇದನ್ನು ಪೂರ್ತಿ ಓದು. ಹರಿದು ಹಾಕುವುದಿದ್ದರೆ ಓದಿಯಾದ ಮೇಲೆ ಹರಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ ಬರೆದು ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಭಾನುವಾರ ನಿನ್ನ ಮರ ಕೊಯ್ಯುವ ಮೆಷಿನ್ನನ್ನು ಕೊಳ್ಳಲು ಬರುತ್ತಾರಲ್ಲ, ಅವರಿಗೆ ಬರಬೇಡಿ ಅಂತ ಹೇಳು. ಅದನ್ನು ಮಾರಬೇಡ. ಅದಕ್ಕೆ ಏನೂ ಆಗಿಲ್ಲ ಅಕ್ಕ, ನನ್ನದಕ್ಕೂ ಏನೂ ಆಗಿಲ್ಲ. ಖುಷಿಯಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನೆ ಚಿಕ್ಕಮ್ಮ ಬಂದವರೇ ನೀನು ಈ ಕೆಲಸವನ್ನೇ ಬಿಡುತ್ತಿರುವ ಸುದ್ದಿ ಹೇಳಿದರು. ಮೆಷಿನ್ನು ಮಾರಿ ಯಾವುದೋ ನರ್ಸರಿಯಲ್ಲಿ ಕುಂಡಗಳಿಗೆ ಮಣ್ಣು ತುಂಬಲು ಹೋಗುತ್ತೀಯಂತೆ. ಆಳೆತ್ತರದ ದಿಮ್ಮಿ ಉರುಳಿಸುತ್ತಿದ್ದವಳು ಕುಂಡಕ್ಕೆ ಮಣ್ಣು ತುಂಬುವುದೆಂದರೇನು? ಆಮೇಲೆ ಅವರು ಬಾಯಿ ತಪ್ಪಿ ಇನ್ನೊಂದು ಮಾತನ್ನೂ ಆಡಿಬಿಟ್ಟರು. ನಾವು ಬೇರೆಯಾಗಿ ಸಾಮಾನು ಪಾಲಾದಾಗ ನಿನಗೆ ಬಂದ ಚೈನು, ಅದು ಸುತ್ತಿ ಓಡಬೇಕಾದ ಉದ್ದ ಪಟ್ಟಿ ಇದೆಯಲ್ಲ, ಆ ಬಾರಿನ ಸೀಳಿನೊಳಕ್ಕೇ ಇಳಿಯಲ್ಲವಂತೆ, ತಂಗಿ ಬೇಕಂತಲೇ ಅಂಥದ್ದು ಕಳಿಸಿದ್ದಾಳೆ ಅಂತ ನೀನು ಹೇಳಿಕೊಂಡು ಕಣ್ಣೀರು ಹಾಕಿದೆಯಂತೆ. ಹೊಸದೊಂದು ತಂದು ಹಾಕ್ಕೋಬಾರದಾ ಅಂತ ಕೇಳಿದರೆ, ನನ್ನ ಚೈನು ಅವಳ ಹತ್ರ ಇರುವಾಗ ನಾನ್ಯಾಕೆ ತರಲಿ ಅಂದೆಯಂತೆ. ಇಂಥ ಮಾತಾಡುವುದು ಈ ಭೂಮಿಯ ಮೇಲೆ ನೀನೊಬ್ಬಳೇ.

ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಾನೂ ಇಲ್ಲಿ ಕೂತು ನಿನ್ನನ್ನೇ ಬೈದುಕೊಳ್ಳುತ್ತಿದ್ದೆ. ಒಳ್ಳೆಯದನ್ನು ತಾನಿಟ್ಟುಕೊಂಡು ಸವೆದುಹೋದ ಬಾರನ್ನು ನನ್ನ ತಲೆಗೆ ಕಟ್ಟಿದಳು ಅಂತ. ನನ್ನ ಮೆಷಿನ್ನು ಹೇಗೆ ಕೊಯ್ಯುತ್ತಿತ್ತು ಗೊತ್ತಾ? ನೆಟ್ಟಗೆ ಇಳಿಸಿದರೂ ದಿಮ್ಮಿಯ ಅರ್ಧಕ್ಕೆ ಬರುವಷ್ಟರಲ್ಲಿ ಬಲಕ್ಕೆ ವಾಲಿಕೊಳ್ಳುತ್ತಿತ್ತು. ಕೊಯ್ದ ಬಿಲ್ಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಚೈನಿಗೆ ಅರ ಹಾಕಿ ಹಾಕಿ ನನ್ನ ಬೆರಳು ಸವೆದವೇ ಹೊರತು ಕೊಯ್ತ ನೆಟ್ಟಗಾಗಲಿಲ್ಲ. ಅಮ್ಮನಂತೂ ನೆಲಕ್ಕೆ ಬಿದ್ದ ಸಣ್ಣ ಕೊಂಬೆ ಬಿಟ್ಟು ಬೇರೇನನ್ನೂ ಇದರಲ್ಲಿ ಕೊಯ್ಯಕೂಡದು ಅಂತ ಕಟ್ಟಪ್ಪಣೆ ಮಾಡಿ ಕೂತಿದ್ದಾಳೆ.

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ನಿನ್ನನ್ನು ಮನಸ್ಸಿನಲ್ಲೇ ಇನ್ನೊಂದು ಸುತ್ತು ಬೈಯುತ್ತಿದ್ದೆ. ಆಗ ಹೊಳೆಯಿತು. ನಿನ್ನ ಚೈನು ಸೀಳಿನೊಳಗೆ ಇಳಿಯುವುದೇ ಇಲ್ಲ, ನನ್ನದು ಸೀಳಿನೊಳಗೆ ನಿಲ್ಲುವುದೇ ಇಲ್ಲ. ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಶೆಡ್ಡಿಗೆ ಓಡಿದೆ. ಬಾರನ್ನು ಬಿಚ್ಚಿ, ಅದರ ಬಾಲದ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಹಾಕಿ ಒರೆಸಿದೆ. ಅಲ್ಲಿ 1.6 ಅಂತ ಕೆತ್ತಿದೆ. ಅಳೆದು ನೋಡಿದರೆ ಸೀಳಿನ ಅಗಲವೂ ಅಷ್ಟೇ ಮಿಲಿಮೀಟರು. ಚೈನಿನ ಕೆಳಗಡೆ ಸೀಳಿನೊಳಗೆ ಓಡುವ ಹಲ್ಲುಗಳಿವೆಯಲ್ಲ, ಅದರಲ್ಲಿ ಒಂದನ್ನು ವರ್ನಿಯರಿನಲ್ಲಿ ಹಿಡಿದು ಅಳೆದೆ. 1.3 ಅಕ್ಕ. ಇನ್ನೊಂದು ಹಲ್ಲು ಅಳೆದೆ, ಅದೂ 1.3. ಅಗಲವಾದ ಸೀಳಿನಲ್ಲಿ ತೆಳ್ಳನೆಯ ಚೈನು ಕುಡಿದವನ ಹಾಗೆ ಓಲಾಡದೆ ಇನ್ನೇನು ಮಾಡೀತು? ಅಲ್ಲೇ ಶೆಡ್ಡಿನಲ್ಲಿ ಪೇಸ್ಟಿನ ಬಾಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ.

ನನ್ನಲ್ಲಿರುವುದು ನಿನ್ನ ಚೈನು. ನಿನ್ನಲ್ಲಿರುವುದು ನನ್ನದು. ಅಷ್ಟೇ ಕಥೆ. ನಂಬಿಕೆ ಬಾರದಿದ್ದರೆ ನಿನ್ನ ಬಾರಿನ ಬಾಲವನ್ನು ಒರೆಸಿ ನೋಡು, 1.3 ಅಂತ ಇರದಿದ್ದರೆ ನನ್ನ ಹೆಸರು ಬದಲಾಯಿಸು.

ಪಾಲು ಮಾಡಿದ ದಿನ ನೆನಪಿದೆಯಾ? ನಾನು ಹಿತ್ತಲಿನಲ್ಲಿ ಮುಖ ಊದಿಸಿಕೊಂಡಿದ್ದೆ, ನೀನು ಬೀದಿಯಲ್ಲಿ ಮುಖ ಊದಿಸಿಕೊಂಡಿದ್ದೆ. ನಡುವೆ ಅಮ್ಮ ಗೋಣಿಚೀಲ ಹಾಸಿಕೊಂಡು ಕೂತು, ನಿನಗೊಂದು ಮೆಷಿನ್ನು ನನಗೊಂದು ಮೆಷಿನ್ನು, ನಿನಗೊಂದು ಚೈನು ನನಗೊಂದು ಚೈನು ಅಂತ ಎರಡು ಚೀಲಕ್ಕೆ ತುಂಬಿದಳು. ಅವಳನ್ನು ಬೈದು ಏನು ಪ್ರಯೋಜನ? ಎರಡೂ ಹದಿನೆಂಟು ಇಂಚು. ರಿವೆಟ್ಟಿನಿಂದ ರಿವೆಟ್ಟಿಗೆ ದೂರವೂ ಒಂದೇ, ಒಳಹಲ್ಲು ಎಣಿಸಿದರೆ ಅದೂ ಸಮ. ಪಕ್ಕಪಕ್ಕದಲ್ಲಿ ಮಲಗಿಸಿದರೆ ಅವಳಿಜವಳಿ. ವ್ಯತ್ಯಾಸ ಇರುವುದು ದಪ್ಪದಲ್ಲಿ ಮಾತ್ರ, ಅದೂ ಮೂರ್ನಾಲ್ಕು ಕೂದಲೆಳೆಯಷ್ಟು. ಚೈನಿಗೆ ದಪ್ಪ ಅನ್ನುವ ಅಳತೆಯೊಂದು ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಂಗಡಿಯಿಂದ ತರುತ್ತಿದ್ದವಳು ಅಮ್ಮ, ಮೆಷಿನ್ನಿಗೆ ಹಾಕುತ್ತಿದ್ದವಳು ನೀನು. ನನಗೆ ಗೊತ್ತಿದ್ದದ್ದು ಕೊಂಬೆಗೆ ಕಟ್ಟಿದ ಹಗ್ಗವನ್ನು ಕೆಳಗೆ ನಿಂತು ಹಿಡಿಯುವುದು ಒಂದೇ. ಗೊತ್ತೇ ಇಲ್ಲದ್ದನ್ನು ಬೇಕಂತ ಹೇಗೆ ಮಾಡಲಿ ಹೇಳು.

ಇಷ್ಟಕ್ಕೆ ನಾವು ಎಂಟು ತಿಂಗಳಿನಿಂದ ಮುಖ ನೋಡಿಲ್ಲ. ನಾವು ಬೇರೆಯಾಗಲು ಕಾರಣವಾದ ಆ ಜಗಳ, ಕೊಂಬೆ ಬಡಿದು ಡಾಕ್ಟರ ಮನೆಯ ಕಾಂಪೌಂಡ್ ಗೋಡೆ ಬಿದ್ದದ್ದು ಹಗ್ಗ ಹಿಡಿದ ನನ್ನಿಂದಲೋ, ಮೇಲೆ ಕೂತು ಕೊಯ್ದ ನಿನ್ನಿಂದಲೋ, ಆ ಪಂಚಾಯಿತಿಯನ್ನು ಬೇಕಾದರೆ ಇನ್ನೊಂದು ದಿನ ಇಟ್ಟುಕೊಳ್ಳೋಣ. ಮಧ್ಯಾಹ್ನವಿಡೀ ಜಗಳವಾಡೋಣ, ನಾನೇನೂ ಸೋಲುವುದಿಲ್ಲ. ಆದರೆ ಕೆಲಸ ಬಿಡುವ ಮಾತು ಆಡಬೇಡ. ನಾನೊಬ್ಬಳೇ ಎಷ್ಟು ಒದ್ದಾಡುತ್ತಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಮೇಲಿನಿಂದ ನೀನು ಹಗ್ಗ ಬಿಗಿ ಹಿಡಿಯೇ ಕತ್ತೆ ಅಂತ ಕೂಗದಿದ್ದರೆ ಕೆಲಸ ಮಾಡಿದ ಹಾಗೆಯೇ ಅನ್ನಿಸುವುದಿಲ್ಲ. ನೀನು ಬೇಕು ಅಕ್ಕ. ಚೈನಿಗೋಸ್ಕರ ಅಲ್ಲ.

ನಿನ್ನ ಚೈನನ್ನು ತೊಳೆದು, ಅರ ಹಾಕಿ, ಎಣ್ಣೆಯಲ್ಲಿ ನೆನೆಸಿಟ್ಟಿದ್ದೇನೆ. ಚಿಕ್ಕಮ್ಮನ ಕೈಯಲ್ಲೇ ಕಳಿಸಬಹುದಿತ್ತು. ಅವರ ಸೀರೆಗೆಲ್ಲ ಎಣ್ಣೆಯಾಗುತ್ತದೆ ಅಂತ ಕಳಿಸುತ್ತಿಲ್ಲ. ಅದು ನೆಪ ಅಂತ ನಿನಗೂ ಗೊತ್ತು. ನೀನೇ ಬಂದು ತೆಗೆದುಕೊಂಡು ಹೋಗು, ಬರುವಾಗ ನನ್ನದನ್ನು ತಾ.

ನಿನ್ನ ಹಗ್ಗದವಳು,
ಪುಟ್ಟಿ

ತಾ.ಕ.: ಕಾಗದ ಮಡಚಿ ಅಡುಗೆಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಲೋಟ ತೊಳೆಯುತ್ತಿದ್ದಳು, ತಿರುಗಿ ಕೂಡ ನೋಡಲಿಲ್ಲ. ಗೊತ್ತು ಅಂದಳು. ಅಂಗಡೀಲಿ ಅಳತೆ ಹೇಳಿ ತರ್ತಿದ್ದವಳು ನಾನು, ನನಗೆ ಗೊತ್ತಾಗಲ್ವಾ, ಬೇಕಂತಲೇ ಅದಲುಬದಲು ಮಾಡಿದೆ ಅಂದಳು. ಸರಿಯಾಗಿ ಕೊಟ್ಟಿದ್ರೆ ಇಬ್ರೂ ಬೇರೆಬೇರೆಯಾಗಿ ಆರಾಮಾಗಿ ಇದ್ದುಬಿಡ್ತಿದ್ರಿ. ತಪ್ಪು ಕೊಟ್ರೆ ಎರಡು ದಿನದಲ್ಲಿ ಒಬ್ಬಳಾದ್ರೂ ಇನ್ನೊಬ್ಬಳ ಬಾಗಿಲು ತಟ್ಟುತ್ತೀರ ಅಂದ್ಕೊಂಡಿದ್ದೆ, ನನ್ನ ಮಕ್ಕಳು ಇಷ್ಟು ಹಟಮಾರಿಗಳು ಅಂತ ಮರೆತೇಹೋಗಿತ್ತು ಅಂದಳು. ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಾ ಅಳುತ್ತಿದ್ದಳು. ಕೋಪ ಮಾಡ್ಕೊಳ್ಳೋದಿದ್ರೆ ಇಬ್ರೂ ಒಟ್ಟಿಗೆ ಬಂದು ಮಾಡ್ಕೊಳ್ಳಿ ಅಂದಳು. ನನ್ನೊಬ್ಬಳ ಕೈಯಲ್ಲಿ ಅಮ್ಮನನ್ನು ಬೈಯಲು ಆಗುವುದಿಲ್ಲ, ಬೇಗ ಬಾ.